ಚಲಿಸುವ ಸಾಧನ, ಬದಲಾಗುವ ಸ್ಲೈಸ್: 5ಜಿಯಲ್ಲಿ ಗಡಿ ದಾಟುವ ಬಗೆ

ಎಲ್ಲರಿಗೂ ನಮಸ್ಕಾರ.

ನೆಟ್‌ವರ್ಕ್ ಸ್ಲೈಸಿಂಗ್, ಅಂದರೆ ಒಂದೇ 5ಜಿ ಜಾಲವನ್ನು ಬೇರೆ ಬೇರೆ ಅಗತ್ಯಗಳಿಗೆ ತಕ್ಕ ಸ್ಲೈಸ್‌ಗಳಾಗಿ (ತಾರ್ಕಿಕ ಪಾಲುಗಳಾಗಿ) ಹಂಚುವುದನ್ನು ವಿವರಿಸುವಾಗ ನಾವು ಸಾಮಾನ್ಯವಾಗಿ ಕೂತಲ್ಲೇ ಕೂತ ಸಾಧನವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತೇವೆ. ಇವತ್ತು ಓಡಾಡುವ ಸಾಧನವನ್ನು ನೋಡೋಣ. ಕಾರ್ಖಾನೆಯೊಳಗೆ ಸರಕು ಸಾಗಿಸುವ ಚಾಲಕನಿಲ್ಲದ ಗಾಡಿ ಇದೆ ಎಂದಿಟ್ಟುಕೊಳ್ಳಿ. ಆವರಣದಲ್ಲಿ ಅದಕ್ಕೆ ಕಡಿಮೆ ವಿಳಂಬದ ಸ್ಲೈಸ್ ಇದೆ. ಗೇಟಿನಾಚೆಯ ಗೋದಾಮಿಗೆ ಹೋದರೆ ಸಿಗುವುದು ಸಾರ್ವಜನಿಕ ನೆಟ್‌ವರ್ಕಿನ ಟವರ್. ಅಲ್ಲಿ ಸಿಗ್ನಲ್ ತುಂಬಿ ತುಳುಕುತ್ತಿದ್ದರೂ ಗಾಡಿ ನಿಂತುಬಿಡಬಹುದು. ಏಕೆಂದು ತಿಳಿಯಲು ಸ್ಲೈಸಿನ ಗುರುತಿನಿಂದ ಶುರುಮಾಡಬೇಕು.

ಪ್ರತಿ ಸ್ಲೈಸಿಗೆ ಎಸ್-ಎನ್‌ಎಸ್‌ಎಸ್‌ಎಐ ಎಂಬ ಗುರುತು ಇರುತ್ತದೆ. ಅದರಲ್ಲಿ 8 ಬಿಟ್‌ನ ಎಸ್‌ಎಸ್‌ಟಿ ಸೇವೆಯ ಬಗೆ ಹೇಳುತ್ತದೆ: 1 ಎಂದರೆ ಮೊಬೈಲ್ ಬ್ರಾಡ್‌ಬ್ಯಾಂಡ್, 2 ಎಂದರೆ ಕಡಿಮೆ ವಿಳಂಬದ ನಂಬಿಕಸ್ಥ ಸೇವೆ, 3 ಎಂದರೆ ಸೆನ್ಸರ್, ಮೀಟರ್‌ಗಳ ಸೇವೆ. ಜೊತೆಗೆ ಒಂದೇ ಬಗೆಯ ಸ್ಲೈಸ್‌ಗಳನ್ನು ಬೇರ್ಪಡಿಸುವ 24 ಬಿಟ್‌ನ ಎಸ್‌ಡಿ ಬೇಕಿದ್ದರೆ ಇಡಬಹುದು, ಬಿಡಬಹುದು. ಎಸ್‌ಡಿ ಇಲ್ಲದ ಎಸ್‌ಎಸ್‌ಟಿ 1 ಬೇರೆ, ಎಸ್‌ಡಿ ಇರುವ ಎಸ್‌ಎಸ್‌ಟಿ 1 ಬೇರೆ. ಇದನ್ನು ಮರೆತು ಪ್ರಯೋಗಾಲಯದಲ್ಲಿ ದಿನಗಟ್ಟಲೆ ಕಳೆಯುವವರು ಬಹಳ. ಇನ್ನೊಂದು ಎಡವಟ್ಟು: ಕೋರ್‌ನಲ್ಲಿ (ಜಾಲದ ಕೇಂದ್ರ ಭಾಗದಲ್ಲಿ) ಎಸ್‌ಡಿಯನ್ನು ಹೆಕ್ಸಾಡೆಸಿಮಲ್‌ನಲ್ಲಿ (16ರ ಆಧಾರದ ಎಣಿಕೆಯಲ್ಲಿ) 000010 ಎಂದು ಬರೆದು, ಬೇಸ್ ಸ್ಟೇಷನ್ನಿನಲ್ಲಿ (ಟವರ್‌ನಲ್ಲಿ) ದಶಮಾನದಲ್ಲಿ 10 ಎಂದು ಹಾಕುವುದು. ಮೊದಲನೆಯದು 16, ಎರಡನೆಯದು 10. ಎರಡೂ ಬೇರೆ ಬೇರೆ ಸ್ಲೈಸ್ ಆಗಿಬಿಡುತ್ತವೆ.

ಒಂದು ಸಾಧನ ಒಂದೇ ಹೊತ್ತಿಗೆ ಗರಿಷ್ಠ 8 ಸ್ಲೈಸ್‌ಗಳಲ್ಲಿರಬಹುದು. ಎಲ್ಲಕ್ಕೂ ಎಎಂಎಫ್ (ಸಾಧನದ ನೋಂದಣಿ, ಓಡಾಟ ನೋಡಿಕೊಳ್ಳುವ ಕೋರ್ ಘಟಕ) ಒಂದೇ. ಡೇಟಾ ಹೊರುವ ಪಿಡಿಯು ಸೆಷನ್ ಮಾತ್ರ ಯಾವುದಾದರೂ ಒಂದೇ ಸ್ಲೈಸಿಗೆ ಸೇರಿರುತ್ತದೆ. ಅದರ ಎಸ್‌ಎಂಎಫ್ (ಸೆಷನ್ ನಿರ್ವಹಿಸುವ ಘಟಕ), ಯುಪಿಎಫ್ (ಡೇಟಾ ಸಾಗಿಸುವ ಘಟಕ), ಐಪಿ ವಿಳಾಸ ಎಲ್ಲವೂ ಆ ಸ್ಲೈಸಿನ ಲೆಕ್ಕಕ್ಕೇ. ನಮ್ಮ ತೊಡಕಿನ ಬೇರು ಇಲ್ಲಿದೆ.

ಸಾಧನ ಸುಮ್ಮನಿರುವಾಗ ಗಡಿ ದಾಟುವುದು ಸುಲಭ. ಎಎಂಎಫ್ ಕೆಲವು ಟ್ರ್ಯಾಕಿಂಗ್ ಏರಿಯಾಗಳನ್ನು (ಟವರ್ ಸಿಗ್ನಲ್ ಕೊಡುವ ಪ್ರದೇಶಗಳಾದ ಸೆಲ್‌ಗಳ ಗುಂಪುಗಳನ್ನು) ಸೇರಿಸಿ ನೋಂದಣಿ ಪ್ರದೇಶ ಮಾಡಿರುತ್ತದೆ. ಅನುಮತಿಸಿದ ಸ್ಲೈಸ್‌ಗಳು ಆ ಪ್ರದೇಶದುದ್ದಕ್ಕೂ ಸಿಗಬೇಕು ಎಂಬುದು 5ಜಿ ಮಾನದಂಡದ ಮೊದಲ ಆವೃತ್ತಿಯಾದ ರಿಲೀಸ್ 15ರ ನಿಯಮ. ಗಾಡಿ ಹೊರಗೆ ಹೋದರೆ ಬೇಕಾದ ಸ್ಲೈಸ್‌ಗಳ ಪಟ್ಟಿಯೊಡನೆ ಮತ್ತೆ ನೋಂದಣಿ ಕೇಳುತ್ತದೆ. ಎಎಂಎಫ್ ಚಂದಾ ವಿವರ ನೋಡಿ, ಅಗತ್ಯವಿದ್ದರೆ ಸ್ಲೈಸ್ ಆರಿಸುವ ಘಟಕವಾದ ಎನ್‌ಎಸ್‌ಎಸ್‌ಎಫ್ ಅನ್ನು ಕೇಳಿ, ಅನುಮತಿಸಿದ್ದು ಯಾವುದು, ನಿರಾಕರಿಸಿದ್ದು ಯಾವುದು ಎಂದು ಹೇಳುತ್ತದೆ.

ಡೇಟಾ ಹರಿಯುತ್ತಿರುವಾಗ ದಾಟುವುದೇ ಕಷ್ಟ. ಗಾಡಿ ಅಳತೆ ವರದಿ ಕಳಿಸುತ್ತದೆ: ಪಕ್ಕದ ಸೆಲ್ ನನ್ನದಕ್ಕಿಂತ 3 ಡಿಬಿ ಚೆನ್ನಾಗಿದೆ ಎಂದು. ಬೇಸ್ ಸ್ಟೇಷನ್ ತಮ್ಮ ನಡುವಿನ ನೇರ ಕೊಂಡಿಯಾದ ಎಕ್ಸ್‌ಎನ್ ಮೂಲಕ ಪಕ್ಕದ ಬೇಸ್ ಸ್ಟೇಷನ್ನಿಗೆ ಹ್ಯಾಂಡೋವರ್ (ಸಂಪರ್ಕ ಹಸ್ತಾಂತರ) ಕೋರಿಕೆ ಕಳಿಸುತ್ತದೆ. ಪ್ರತಿ ಸೆಷನ್ನಿನ ಜೊತೆಗೂ ಅದರ ಸ್ಲೈಸ್ ಗುರುತು ಹೋಗುತ್ತದೆ. ಆ ಬದಿಯಲ್ಲಿ ಎರಡು ತಪಾಸಣೆ: ಈ ಸ್ಲೈಸ್ ನಮ್ಮಲ್ಲಿದೆಯೇ? ಇದ್ದರೆ ಅದರ ಪಾಲಿನ ರೇಡಿಯೊ ಸಂಪನ್ಮೂಲ ಉಳಿದಿದೆಯೇ? ಇಲ್ಲದ ಸ್ಲೈಸಿನ ಸೆಷನ್ ಬಿಟ್ಟುಹೋಗಿ, ಉಳಿದವು ದಾಟುತ್ತವೆ. ಆದರೆ ಒಂದು ಸೆಷನ್ನನ್ನೂ ಒಪ್ಪಿಕೊಳ್ಳಲಾಗದಿದ್ದರೆ ಇಡೀ ಹ್ಯಾಂಡೋವರ್ ತಯಾರಿಯೇ ವಿಫಲ.

ನಮ್ಮ ಗಾಡಿಗೆ ಆಗುವುದು ಇದೇ. ಅದರಲ್ಲಿರುವುದು ಒಂದೇ ಸೆಷನ್, ಅದೂ ವಿಶೇಷ ಸ್ಲೈಸಿನದು. ಕೋರಿಕೆ ತಿರಸ್ಕೃತವಾಗುತ್ತದೆ, ಗಾಡಿ ಹಳೆಯ ಸೆಲ್ಲಿಗೇ ಅಂಟಿಕೊಂಡು ಮುಂದೆ ಸಾಗುತ್ತದೆ, ಸಿಗ್ನಲ್ ಕುಸಿಯುತ್ತದೆ, ಕೊಂಡಿ ಸುಧಾರಿಸಲೆಂದು ಕಾಯುವ ಟಿ310 ಟೈಮರ್ ಮುಗಿದು ಕೊಂಡಿ ಕಡಿಯುತ್ತದೆ. ಆದ್ದರಿಂದ ನನ್ನ ಸಲಹೆ ಖಚಿತ: ಚಲಿಸುವ ಸಾಧನಕ್ಕೆ ಎಲ್ಲೆಡೆ ಸಿಗುವ ಎಸ್‌ಎಸ್‌ಟಿ 1ರಲ್ಲಿ ಇನ್ನೊಂದು ಸೆಷನ್ ಸದಾ ತೆರೆದಿಡಿ. ವಿಶೇಷ ಸೆಷನ್ ಬಿದ್ದರೂ ಸಂಪರ್ಕ ದಾಟುತ್ತದೆ. ಯಾವ ಆ್ಯಪ್ ಯಾವ ಸ್ಲೈಸ್ ಬಳಸಬೇಕೆಂದು ಸಾಧನಕ್ಕೆ ಹೇಳುವ ಯುಆರ್‌ಎಸ್‌ಪಿ ನಿಯಮದಲ್ಲಿ ಅದೇ ಆ್ಯಪಿಗೆ ಎರಡನೇ ಆದ್ಯತೆಯಾಗಿ ಆ ಸ್ಲೈಸನ್ನು ಬರೆದಿಡಿ. ಐಪಿ ವಿಳಾಸ ಬದಲಾಗುವುದರಿಂದ ಟಿಸಿಪಿ ಸಂಪರ್ಕ ಕಡಿದು ಮತ್ತೆ ಕಟ್ಟಬೇಕಾಗುತ್ತದೆ. ಅದನ್ನು ತಾಳಿಕೊಳ್ಳುವಂತೆ ಆ್ಯಪ್ ಬರೆದಿರಬೇಕು, ವಿಳಂಬ ಹೆಚ್ಚಾದಾಗ ಗಾಡಿ ತಾನೇ ವೇಗ ತಗ್ಗಿಸಬೇಕು.

ಗಡಿ ಎಲ್ಲಿ ಬೀಳಬೇಕು ಎಂಬುದೂ ಎಂಜಿನಿಯರ್ ಕೈಯಲ್ಲಿದೆ. ಒಂದು ಟ್ರ್ಯಾಕಿಂಗ್ ಏರಿಯಾದ ಎಲ್ಲ ಸೆಲ್‌ಗಳಲ್ಲೂ ಒಂದೇ ಸ್ಲೈಸ್ ಪಟ್ಟಿ ಇರಬೇಕಾದ್ದರಿಂದ, ಕಾರ್ಖಾನೆಗೆ ಪ್ರತ್ಯೇಕ ಏರಿಯಾ ಕೊಡುವುದು ರೂಢಿ. ಆದರೆ ಅದರ ಅಂಚು ಗೇಟಿನ ಮೇಲೇ ಬಿದ್ದರೆ ಅಲ್ಲೇ ಪಟಪಟನೆ ಆಚೀಚೆ ಹ್ಯಾಂಡೋವರ್ ಆಗುತ್ತಿರುತ್ತದೆ. ಗಾಡಿ ತಿರುಗಾಡುವ ದಾರಿಯನ್ನು ಮೊದಲು ನಕ್ಷೆಯಲ್ಲಿ ಗೆರೆ ಎಳೆದು, ಗೋದಾಮಿಗೆ ಸಿಗ್ನಲ್ ಕೊಡುವ ಹೊರಗಿನ ಸೆಲ್ಲನ್ನೂ ಆ ಏರಿಯಾದೊಳಗೆ ಸೇರಿಸಿ, ಅಲ್ಲೂ ಸ್ಲೈಸ್ ತೆರೆಯಿರಿ. ಸೆಲ್ ಆಫ್‌ಸೆಟ್ (ಪಕ್ಕದ ಸೆಲ್ ಎಷ್ಟು ಡಿಬಿ ಮೇಲಿರಬೇಕೆಂಬ ಅಂತರ) ಏರಿಸಿ ಹ್ಯಾಂಡೋವರ್ ತಡಮಾಡುವ ಉಪಾಯ ಒಂದೆರಡು ಡಿಬಿವರೆಗೆ ಸರಿ. ಅದಕ್ಕಿಂತ ಹೆಚ್ಚಾದರೆ ಕೊಂಡಿಯೇ ಹರಿದೀತು.

ಮಾನದಂಡಗಳೂ ಈ ನೋವನ್ನು ಗುರುತಿಸಿವೆ. ರಿಲೀಸ್ 17ರಲ್ಲಿ ಸ್ಲೈಸ್‌ಗಳನ್ನು ಗುಂಪು ಮಾಡಿ, ಯಾವ ಗುಂಪಿಗೆ ಯಾವ ಆವರ್ತನ ಮೇಲು ಎಂದು ಪ್ರಸಾರ ಮಾಡುವ ವ್ಯವಸ್ಥೆ ಬಂತು. ಸುಮ್ಮನಿರುವ ಸಾಧನ ತನ್ನ ಸ್ಲೈಸ್ ಇರುವ ಸೆಲ್ಲನ್ನೇ ಆರಿಸಿಕೊಳ್ಳಬಹುದು. ರಿಲೀಸ್ 18 ಇನ್ನೂ ಮುಂದೆ ಹೋಯಿತು. ನೋಂದಣಿ ಪ್ರದೇಶದ ಕೆಲವು ಏರಿಯಾಗಳಲ್ಲಷ್ಟೇ ಸಿಗುವ ಸ್ಲೈಸಿಗೆ ಭಾಗಶಃ ಅನುಮತಿ ಕೊಡಬಹುದು. ಒಂದು ಸ್ಲೈಸ್ ಸಿಗದಾದಾಗ ಬದಲಿ ಸ್ಲೈಸ್ ಯಾವುದೆಂದು ಎಎಂಎಫ್ ತಿಳಿಸಬಹುದು. ಸೆಷನ್ ಉಳಿಸಬೇಕೋ ಹೊಸದಾಗಿ ಕಟ್ಟಬೇಕೋ ಎಂಬುದನ್ನು ಎಸ್‌ಎಂಎಫ್ ನಿರ್ಧರಿಸುತ್ತದೆ. ಇವೆಲ್ಲ ಫೋನ್, ಟವರ್, ಕೋರ್ ಮೂರರಲ್ಲೂ ಇರಬೇಕು. ಒಂದರಲ್ಲಿ ಇಲ್ಲದಿದ್ದರೂ ಹಳೆಯ ನಡವಳಿಕೆಯೇ. ಇನ್ನು 4ಜಿ ಕೋರ್ ಮೇಲೆ ನಿಂತ ಎನ್‌ಎಸ್‌ಎ ಜಾಲದಲ್ಲಿ ಈ ಯಾವ ಸ್ಲೈಸೂ ಇಲ್ಲ.

ಕೆಟ್ಟಾಗ ಎಲ್ಲಿ ನೋಡಬೇಕು? ಮೊದಲು ಹ್ಯಾಂಡೋವರ್ ತಿರಸ್ಕಾರದ ಕಾರಣ ಓದಿ. ‘ಸ್ಲೈಸ್ ಬೆಂಬಲವಿಲ್ಲ’ ಎಂದಿದ್ದರೆ ಎರಡೂ ಟವರ್‌ಗಳ ಸ್ಲೈಸ್ ಪಟ್ಟಿಯನ್ನು ಎಸ್‌ಡಿ ಸಮೇತ ಅಕ್ಕಪಕ್ಕ ಇಟ್ಟು ಹೋಲಿಸಿ. ‘ರೇಡಿಯೊ ಸಂಪನ್ಮೂಲವಿಲ್ಲ’ ಎಂದಿದ್ದರೆ ಸ್ಲೈಸಿಗೆ ಮೀಸಲಿಟ್ಟ ಕನಿಷ್ಠ, ಗರಿಷ್ಠ ಶೇಕಡಾವಾರು ನೋಡಿ. ಗರಿಷ್ಠ ಮಿತಿ ತೀರಾ ಕೆಳಗಿದ್ದರೆ ಸೆಲ್ ಅರ್ಧ ಖಾಲಿ ಇದ್ದರೂ ಸೆಷನ್ ಒಳಗೆ ಬರುವುದಿಲ್ಲ. ಎರಡೂ ಸರಿಯಿದ್ದರೆ, ಪಟ್ಟಿ ತಿದ್ದಿದ ಮೇಲೆ ಬೇಸ್ ಸ್ಟೇಷನ್ ಅದನ್ನು ಎಎಂಎಫ್‌ಗೂ ಎಕ್ಸ್‌ಎನ್ ನೆರೆಯವರಿಗೂ ಕಳಿಸಿದೆಯೇ ಎಂದು ಲಾಗ್‌ನಲ್ಲಿ ಹುಡುಕಿ.