ಕಚೇರಿಯೇ ಇಲ್ಲದ ಕಂಪನಿಯಲ್ಲಿ ಕೆಲಸ

ಎಲ್ಲರಿಗೂ ನಮಸ್ಕಾರ. ಈ ಹೊತ್ತಿಗೆ ರೇಡಿಯೊ ಹಾಕಿಕೊಂಡು ಅಡಿಕೆ ಸುಲಿಯುತ್ತಿರುವ ಹಿರಿಯರಿದ್ದೀರಿ, ಅಡುಗೆಮನೆಯಲ್ಲಿರುವ ತಾಯಂದಿರಿದ್ದೀರಿ, ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋಗುವುದೋ ಬೇಡವೋ ಎಂದು ಯೋಚಿಸುತ್ತಿರುವ ತಮ್ಮಂದಿರು, ತಂಗಿಯರು ಇದ್ದೀರಿ. ಎಲ್ಲರನ್ನೂ ಎದುರಿಗೆ ಕೂರಿಸಿಕೊಂಡ ಹಾಗೆ ಮಾತಾಡುತ್ತೇನೆ.

ನಾನು ಶಿರಸಿ ಹತ್ತಿರದ ನಮ್ಮ ಮನೆಯಲ್ಲೇ ಕೂತು ಒಂಬತ್ತು ವರ್ಷದಿಂದ ಒಂದು ಸಾಫ್ಟ್‌ವೇರ್ ಕಂಪನಿಗೆ ಕೆಲಸ ಮಾಡುತ್ತಿದ್ದೇನೆ. ಆ ಕಂಪನಿಗೆ ಕಚೇರಿ ಇಲ್ಲ. ಎಲ್ಲರೂ ಕಚೇರಿಗೆ ಹೋಗಿ ನನಗೊಬ್ಬನಿಗೆ ಮನೆಯಿಂದ ಮಾಡಲು ಬಿಟ್ಟಿದ್ದಾರೆ ಅಂದುಕೊಳ್ಳಬೇಡಿ. ಯಾರಿಗೂ ಕಚೇರಿ ಇಲ್ಲ. ನನ್ನ ತಂಡದಲ್ಲಿ ಒಬ್ಬರು ಪೋಲೆಂಡಿನಲ್ಲಿದ್ದಾರೆ, ಇಬ್ಬರು ಬ್ರೆಜಿಲ್‌ನಲ್ಲಿ, ಒಬ್ಬರು ಕೊಯಮತ್ತೂರಿನಲ್ಲಿ.

ಮದುವೆಮನೆಯಲ್ಲಿ ಸಿಕ್ಕವರು ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ನೆಟ್ ಸಿಗುತ್ತದಾ? ಬಾಸ್ ಎದುರಿಗಿಲ್ಲ, ಕೆಲಸ ಹೇಗೆ ನಡೆಯುತ್ತದೆ? ಒಂಬತ್ತು ವರ್ಷದಿಂದ ಇವೆರಡೇ. ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದು ಯಾವುದು ಗೊತ್ತೇ? ನಿಮಗೆ ಬರೆಯಲು ಬರುತ್ತದಾ?

ಬರೆಯುವುದು ಅಂದರೆ ಕಥೆ, ಕವನ ಅಲ್ಲ. ನಾನು ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ, ಈಗ ಎಲ್ಲಿಗೆ ನಿಲ್ಲಿಸಿದ್ದೇನೆ, ಮುಂದಿನವರು ಎಲ್ಲಿಂದ ಹಿಡಿಯಬೇಕು. ಇಷ್ಟನ್ನು ಇನ್ನೊಬ್ಬರಿಗೆ ಸಂಶಯ ಬಾರದ ಹಾಗೆ ಬರೆದಿಡುವುದು. ನನಗೆ ಸಂಜೆ ಆರು ಗಂಟೆ ಆದಾಗ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಬೆಳಿಗ್ಗೆ ಒಂಬತ್ತೂವರೆ. ನಾನು ದೀಪ ಹಚ್ಚುವ ಹೊತ್ತಿಗೆ ಅವರು ಕೆಲಸಕ್ಕೆ ಕೂರುತ್ತಾರೆ. ನಾನು ಬರೆದಿಡದೆ ಎದ್ದರೆ ಅವರ ದಿನ ಹಾಳು. ಬರೆದಿಟ್ಟಿದ್ದರೆ ನಾನು ಮಲಗಿದ್ದಾಗಲೂ ಕೆಲಸ ಮುಂದೆ ಹೋಗುತ್ತಿರುತ್ತದೆ.

ಇದಕ್ಕೆ ಒಂದು ಘಟನೆ ಹೇಳುತ್ತೇನೆ. ನನಗೆ ತುಂಬಾ ಪ್ರಿಯವಾದದ್ದು, ಹೊಸಬರು ಯಾರೇ ಬರಲಿ ಅವರಿಗೆ ಮೊದಲು ಇದನ್ನೇ ಹೇಳುತ್ತೇನೆ.

ಗಿಟ್‌ಲ್ಯಾಬ್ ಎಂಬ ಕಂಪನಿ ಇದೆ. ಉಕ್ರೇನಿನ ದಿಮಿತ್ರಿ ಝಪೊರೊಝೆಟ್ಸ್ 2011ರಲ್ಲಿ ಶುರುಮಾಡಿದ ಸಾಫ್ಟ್‌ವೇರ್‌ನಿಂದ ಬೆಳೆದದ್ದು. ಪ್ರೋಗ್ರಾಂ ಬರೆಯುವವರು ತಮ್ಮ ಕೋಡನ್ನೆಲ್ಲ ಜೋಪಾನವಾಗಿ ಇಡುವ ಉಗ್ರಾಣ ಅನ್ನಿ. ಅಲ್ಲಿಯೂ ಎಲ್ಲರೂ ತಮ್ಮ ತಮ್ಮ ಊರಿನಿಂದಲೇ ಕೆಲಸ ಮಾಡುವವರು.

2017ರ ಜನವರಿ 31. ನೆದರ್ಲೆಂಡ್ಸ್‌ನಲ್ಲಿ ನಡುರಾತ್ರಿ. ನಮ್ಮಲ್ಲಿ ಆಗ ಫೆಬ್ರವರಿ 1ರ ಬೆಳಗಿನ ಜಾವ ನಾಲ್ಕೂವರೆ, ಕೊಟ್ಟಿಗೆಯಲ್ಲಿ ಇನ್ನೂ ಹಾಲು ಕರೆದಿರುವುದಿಲ್ಲ. ಅಲ್ಲಿ ಒಬ್ಬ ಎಂಜಿನಿಯರ್ ಎಚ್ಚರವಾಗಿ ಕೂತಿದ್ದಾರೆ. ಕಂಪನಿಯ ಮಾಹಿತಿ ಎರಡು ಕಂಪ್ಯೂಟರ್‌ಗಳಲ್ಲಿದೆ, ಒಂದು ಅಸಲು, ಇನ್ನೊಂದು ಅದರ ನಕಲು. ನಕಲು ಕೆಟ್ಟು ಹಿಂದೆ ಬಿದ್ದಿದೆ. ಅದನ್ನು ಖಾಲಿ ಮಾಡಿ ಹೊಸದಾಗಿ ತುಂಬೋಣ ಎಂದು ಅಳಿಸುವ ಆಜ್ಞೆ ಕೊಟ್ಟರು. ಅದು ಓಡಿದ್ದು ಅಸಲಿನ ಮೇಲೆ! ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿ ಇದ್ದದ್ದರಲ್ಲಿ ಉಳಿದದ್ದು 4.5 ಜಿಬಿ.

ಬ್ಯಾಕಪ್, ಅಂದರೆ ಕಷ್ಟಕಾಲಕ್ಕೆಂದು ಬೇರೆ ಕಡೆ ತೆಗೆದಿಡುವ ಪ್ರತಿ, ಇರಲಿಲ್ಲವೇ ಎನ್ನುತ್ತೀರಿ. ಇದೆ ಎಂದೇ ಎಲ್ಲರೂ ನಂಬಿದ್ದರು. ದಿನಾ ಆಗಬೇಕಿದ್ದ ಬ್ಯಾಕಪ್, ಸಾಫ್ಟ್‌ವೇರ್ ಆವೃತ್ತಿ ಹೊಂದದೆ ಆಗುತ್ತಲೇ ಇರಲಿಲ್ಲ. ಆಗುತ್ತಿಲ್ಲ ಎಂದು ತಿಳಿಸಬೇಕಿದ್ದ ಇಮೇಲ್ ಯಾರಿಗೂ ತಲುಪಿರಲಿಲ್ಲ. ಕೊನೆಗೆ ಕಾಪಾಡಿದ್ದು ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ. ಅದನ್ನು ಬೇರೆ ಯಾವುದೋ ಪರೀಕ್ಷೆಗೆಂದು ಕೈಯಾರೆ ತೆಗೆದಿಟ್ಟವರು ಅದೇ ಎಂಜಿನಿಯರ್. ಅದನ್ನು ವಾಪಸು ತುಂಬಲು ಸುಮಾರು 18 ಗಂಟೆ ಹಿಡಿಯಿತು. ನಡುವಿನ ಆರು ಗಂಟೆಯದ್ದು ಹೋಯಿತು. ಸುಮಾರು 5,000 ಪ್ರಾಜೆಕ್ಟ್, 700 ಹೊಸ ಖಾತೆ.

ಈಗ ಕೇಳಿ. ಆ ರಾತ್ರಿ ಅವರು ಮಾಡಿದ್ದೇನು? ಜಗತ್ತೇ ಓದಬಹುದಾದ ಒಂದು ಡಾಕ್ಯುಮೆಂಟ್ ತೆರೆದು, ಆಗಿದ್ದನ್ನು ಆಗಿದ್ದ ಹಾಗೆ, ಗಂಟೆ ಸಮೇತ ಬರೆಯುತ್ತಾ ಹೋದರು. ರಿಪೇರಿ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿದರು. ಬೇರೆ ದೇಶದಲ್ಲಿ ಎದ್ದವರು ಬರೆದದ್ದನ್ನು ಓದಿ ಕೈಹಚ್ಚಬಹುದಿತ್ತು. ಆಮೇಲೆ ಬಂದ ವರದಿಯಲ್ಲಿ ಆ ಎಂಜಿನಿಯರ್ ಹೆಸರೇ ಇಲ್ಲ, ‘ತಂಡದ ಸದಸ್ಯ 1’ ಎಂದಷ್ಟೇ ಇದೆ. ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಹೀಗಾಗಲು ಯಾಕೆ ಸಾಧ್ಯವಾಯಿತು, ಆ ಕಾರಣಕ್ಕೆ ಏನು ಕಾರಣ, ಅದನ್ನೂ ಒಂದೊಂದಾಗಿ ಬರೆದರು. ನಮ್ಮ ಹುಡುಗರು ಇದನ್ನು ಕೇಳಿ, ‘ಅಯ್ಯೋ, ಎಲ್ಲರಿಗೂ ಕಾಣುವ ಹಾಗೆ ಬರೆದರಾ ಸರ್?’ ಎನ್ನುತ್ತಾರೆ. ಹೌದಪ್ಪಾ, ಬರೆದರು! ಅದಕ್ಕೇ ಅವರ ಮೇಲೆ ನಂಬಿಕೆ ಉಳಿಯಿತು. 2021ರಲ್ಲಿ ಆ ಕಂಪನಿ ಅಮೆರಿಕದ ನಾಸ್‌ಡಾಕ್ ಷೇರುಪೇಟೆಗೂ ಬಂತು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು ಹೇಳಲೇಬೇಕು. ಇಂಗ್ಲಿಷ್ ಎಂದು ಹೆದರಬೇಡಿ. ನನ್ನ ಜೊತೆಗಿರುವ ಪೋಲೆಂಡಿನವರಿಗೂ, ಬ್ರೆಜಿಲ್‌ನವರಿಗೂ ಅದು ಶಾಲೆಯಲ್ಲಿ ಕಲಿತ ಭಾಷೆಯೇ. ಮೀಟಿಂಗಿನಲ್ಲಿ ಪಟಪಟ ಮಾತಾಡುವವರ ಮುಂದೆ ನಾನು ಬಾಯಿ ಕಟ್ಟಿ ಕೂತಿದ್ದ ಕಾಲ ಇತ್ತು. ಬರೆಯುವಾಗ ಹಾಗಲ್ಲ. ಯೋಚಿಸಲು ಸಮಯ ಇರುತ್ತದೆ, ತಿದ್ದಬಹುದು. ಸಣ್ಣ ವಾಕ್ಯ, ಒಂದು ವಾಕ್ಯಕ್ಕೆ ಒಂದೇ ವಿಷಯ. ಅಷ್ಟು ಸಾಕು.

ಸಮಯ ಆಗುತ್ತಾ ಬಂತು ಎಂದು ಸ್ಟುಡಿಯೊದವರು ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಕರೆಂಟ್: ಆಷಾಢದ ಮಳೆಗೆ ಲೈನ್ ಮೇಲೆ ಮರ ಬಿದ್ದರೆ ನಮ್ಮಲ್ಲಿ ಎರಡು ದಿನ ಕತ್ತಲೆ. ಇನ್ವರ್ಟರ್ ಒಂದು ದಿನಕ್ಕೂ ಬಾರದು. ಬರೆದಿಟ್ಟಿದ್ದರೆ ಆ ಎರಡು ದಿನ ತಂಡ ನಿಲ್ಲುವುದಿಲ್ಲ. ಗಡಿಯಾರ: ಅಮೆರಿಕದವರು ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ, ಯುರೋಪಿನವರು ಮಾರ್ಚ್ ಕೊನೆಯ ಭಾನುವಾರ. ಆ ನಡುವೆ ಮೀಟಿಂಗ್ ತಪ್ಪಿಸಿಕೊಳ್ಳದವರಿಲ್ಲ, ಹೊತ್ತನ್ನೂ ಬರೆದಿಡಿ. ಹಣ: ಕಂಪನಿ ನಿಮ್ಮನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡರೆ ಪಿಎಫ್ ಇಲ್ಲ, ಮುಂಗಡ ತೆರಿಗೆಯನ್ನು ನೀವೇ ಕಟ್ಟಬೇಕು. ಸಹಿ ಹಾಕುವ ಮೊದಲು ಒಬ್ಬ ಲೆಕ್ಕಪರಿಶೋಧಕರಿಗೆ ತೋರಿಸಿ.

ಮನೆಯ ಹಿರಿಯರಲ್ಲಿ ಒಂದು ಕೋರಿಕೆ. ಕೋಣೆಯ ಬಾಗಿಲು ಹಾಕಿಕೊಂಡು ಕೂತ ಮಗ, ಮಗಳು, ಸೊಸೆ ಕೆಲಸದಲ್ಲಿದ್ದಾರೆ. ‘ಮನೆಯಲ್ಲೇ ಇದ್ದೀಯಲ್ಲ, ಸೊಸೈಟಿಗೆ ಹೋಗಿ ಬಾ’ ಎಂದು ನಡುವೆ ಎಬ್ಬಿಸಬೇಡಿ. ಬಾಗಿಲ ಮೇಲೆ ಒಂದು ಚೀಟಿ ಅಂಟಿಸಿ. ಎದ್ದಾಗ ಓದಿಕೊಂಡು ಹೋಗಿ ಬರುತ್ತಾರೆ.

ಇನ್ನು ಈ ಕೆಲಸ ಬೇಕು ಎನ್ನುವ ತಮ್ಮ, ತಂಗಿಯರೇ, ಇವತ್ತು ರಾತ್ರಿಯೇ ಹೀಗೆ ಮಾಡಿ. ನಿಮ್ಮ ತೋಟದ ಪಂಪ್ ಹೇಗೆ ಚಾಲೂ ಮಾಡುವುದು, ಯಾವ ಗೇಟ್‌ವಾಲ್ವ್ ಎಷ್ಟು ಹೊತ್ತು ಬಿಡುವುದು, ಎಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ನಾಳೆ ಪಕ್ಕದ ಮನೆಯವರ ಕೈಗೆ ಆ ಹಾಳೆ ಕೊಟ್ಟು ನೀರು ಬಿಡಲು ಹೇಳಿ, ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡಿದರೋ, ಆ ಸಾಲನ್ನು ತಿದ್ದಿ ಮತ್ತೆ ಬರೆಯಿರಿ.

ನಮಸ್ಕಾರ.