ಮೋಡ ಕಂಡಾಗಿನ ಸಿಟ್ಟು

ಕೇಳುಗರಿಗೆಲ್ಲ ನಮಸ್ಕಾರ.

ಜನವರಿಯ ಒಂದು ಮಧ್ಯಾಹ್ನದಿಂದ ಶುರು ಮಾಡುತ್ತೇನೆ. ಕೊಡಗಿನ ಮಾದಾಪುರದ ಹತ್ತಿರ ನಮ್ಮದು 4 ಎಕರೆ ರೋಬಸ್ಟಾ ಕಾಫಿ ತೋಟ. ಅವತ್ತು ಕಣದಲ್ಲಿ ಹರಡಿದ ಹಣ್ಣಿಗೆ ಹತ್ತನೇ ದಿನ. ಚೆರಿ, ಅಂದರೆ ಸಿಪ್ಪೆ ಸುಲಿಯದ ಇಡೀ ಹಣ್ಣು, ಒಣಗಲು 12ರಿಂದ 15 ದಿನ ಒಳ್ಳೆಯ ಬಿಸಿಲು ಬೇಕು. ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ಬೀಜ ಗಲಗಲ ಅನ್ನಬೇಕು. ಇನ್ನೂ ಅನ್ನುತ್ತಿರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿತು. ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಿದ್ದೆವು. ಎಷ್ಟೋ ವರ್ಷಗಳಿಂದ ನಮ್ಮ ಜೊತೆ ಕೆಲಸ ಮಾಡುವ ಹೆಂಗಸಿನ ಕೈಯಿಂದ ಟಾರ್ಪಾಲಿನ ಮೂಲೆ ಜಾರಿ ಗಾಳಿಗೆ ಮೇಲೆದ್ದಿತು. ಅಷ್ಟಕ್ಕೇ ನಾನು ಅವಳ ಮೇಲೆ ಹರಿಹಾಯ್ದೆ. ಆಡಬಾರದ ಮಾತು ಆಡಿದೆ. ಮಳೆ ಎರಡು ಹನಿ ಉದುರಿಸಿ ಹೋಯಿತು. ಕಾಫಿಗೆ ಏನೂ ಆಗಲಿಲ್ಲ.

ಸಂಜೆ ಕಾಫಿ ಲೋಟ ಕೊಟ್ಟು, "ಬೈದದ್ದು ತಪ್ಪಾಯ್ತು" ಅಂದೆ. ಅವಳು ತಲೆ ಎತ್ತದೆ, "ಇರಲಿ ಬಿಡಿ ಅಕ್ಕ, ಮೋಡ ಕಂಡ್ರೆ ನೀವು ಹೀಗೇ" ಅಂದಳು.

ಆ ಮಾತು ನನ್ನನ್ನು ರಾತ್ರಿಯಿಡೀ ಮಲಗಲು ಬಿಡಲಿಲ್ಲ. ಮೋಡಕ್ಕೂ ನನ್ನ ಸಿಟ್ಟಿಗೂ ಏನು ಸಂಬಂಧ? ನನಗೇ ಗೊತ್ತಿಲ್ಲದ ನನ್ನ ವಿಷಯ ಕಣದಲ್ಲಿ ಕೆಲಸ ಮಾಡುವವಳಿಗೆ ಗೊತ್ತಿತ್ತು. ಅದಕ್ಕೇ ಹೇಳುತ್ತೇನೆ, ನಿಮ್ಮ ಸ್ವಭಾವ ನಿಮಗೆ ತಿಳಿಯಬೇಕಾದರೆ ಮೊದಲು ಜೊತೆಗಿರುವವರನ್ನು ಕೇಳಿ. ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ.

ನಮ್ಮೆಲ್ಲರ ಬಾಯಲ್ಲಿ ಈಗ ಎರಡೇ ಪದ. ಒಂದು ಬೇಜಾರು, ಇನ್ನೊಂದು ಟೆನ್ಶನ್. ಮಗಳು ಫೋನ್ ಮಾಡದಿದ್ದರೂ ಬೇಜಾರು, ಮೆಣಸಿನ ಬಳ್ಳಿಗೆ ರೋಗ ಬಂದರೂ ಬೇಜಾರು. ಕನ್ನಡ ಇಷ್ಟು ಬಡ ಭಾಷೆಯೇ? ಹೆದರಿಕೆಯೊಂದಕ್ಕೇ ಎಷ್ಟು ಹೆಸರಿದೆ ನೋಡಿ. ಹೊಸಬರ ಮುಂದೆ ಮಾತಾಡಲು ಅಳುಕು. ಕತ್ತಲಲ್ಲಿ ಆನೆ ಎದುರಾದರೆ ದಿಗಿಲು. ಸಂಜೆಯಾದರೂ ಮಗು ಮನೆ ಸೇರದಿದ್ದರೆ ಕಳವಳ. ಸಿಟ್ಟಿನಲ್ಲೂ ಹಾಗೇ. ಪ್ರೀತಿ ಇರುವ ಕಡೆ ಮುನಿಸು, ಅವಮಾನವಾದ ಕಡೆ ರೋಷ, ನಿದ್ದೆಗೆಟ್ಟವರಿಗೆ ಸಿಡುಕು. ಒಂದೊಂದಕ್ಕೂ ಮದ್ದು ಬೇರೆ. ಮುನಿಸಿಗೆ ಮಾತು ಬೇಕು. ಸಿಡುಕಿಗೆ ಒಂದು ಹೊತ್ತಿನ ಊಟ, ಒಂದು ರಾತ್ರಿಯ ನಿದ್ದೆ ಸಾಕು. ಕಳವಳಕ್ಕೆ ಸುದ್ದಿ ಬೇಕು. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ.

ಇದಕ್ಕೆ ವಿಜ್ಞಾನದ ಆಧಾರವೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಸಿಟ್ಟು, ಹೆದರಿಕೆ ತುಂಬಿದ ಮುಖಗಳ ಚಿತ್ರ ತೋರಿಸಿ ಜನರ ಮಿದುಳನ್ನು ಸ್ಕ್ಯಾನ್ ಮಾಡಿದರು. ಆ ಮುಖದ ಭಾವ ಯಾವುದೆಂದು ಪದದಲ್ಲಿ ಗುರುತಿಸಿದಾಗ, ಮಿದುಳಿನಲ್ಲಿ ಅಪಾಯಕ್ಕೆ ತಟ್ಟನೆ ಮಿಡಿಯುವ ಅಮಿಗ್ಡಾಲ ಎಂಬ ಭಾಗದ ಚಟುವಟಿಕೆ ತಗ್ಗಿತ್ತು. ಅದೇ ಮುಖಕ್ಕೆ ಗಂಡಿನದೋ ಹೆಣ್ಣಿನದೋ ಹೆಸರನ್ನು ಹೊಂದಿಸಿದಾಗ ಅಷ್ಟು ತಗ್ಗಲಿಲ್ಲ.

ಹೆಸರು ಹುಡುಕುವುದು ಎಲ್ಲಿಂದ? ಮೈಯಿಂದ. ಎದೆ ಡವಗುಟ್ಟಿತು, ಗಂಟಲು ಕಟ್ಟಿತು, ಕರುಳು ಚುರುಕ್ಕೆಂದಿತು, ಹೊಟ್ಟೆ ಉರಿಯಿತು ಎಂದು ನಮ್ಮ ಹಿರಿಯರು ಭಾವನೆಯನ್ನೆಲ್ಲ ಮೈಯಲ್ಲೇ ಇಟ್ಟು ಮಾತಾಡಿದರು. ಭರತಮುನಿಯ ನಾಟ್ಯಶಾಸ್ತ್ರದಲ್ಲಿ 8 ಸಾತ್ತ್ವಿಕ ಭಾವಗಳಿವೆ. ಮೈ ಮರಗಟ್ಟುವುದು, ಬೆವರುವುದು, ರೋಮಾಂಚನ, ದನಿ ಒಡೆಯುವುದು, ನಡುಕ, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ. ನಟನಿಗಾಗಿ ಬರೆದ ಪಟ್ಟಿ ಅದು. ಮನೆಯಲ್ಲಿ ಕೂತು ನಮ್ಮನ್ನು ನಾವು ನೋಡಿಕೊಳ್ಳಲೂ ಅದೇ ಸಾಕು.

ನಾನು ಮಾಡಿದ್ದು ಇಷ್ಟೇ. ಕೂಲಿ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ದಿನಕ್ಕೆ ಎರಡು ಸಾಲು ಬರೆಯತೊಡಗಿದೆ. ಏನಾಯಿತು, ಮೈಗೆ ಏನಾಯಿತು. ಮೂರನೇ ವಾರದಲ್ಲಿ ಹೀಗೊಂದು ಸಾಲಿದೆ: "ಮಾಡಿನ ತಗಡಿನ ಮೇಲೆ ಮಳೆ. ಅಂಗೈ ತಣ್ಣಗಾಯಿತು. ಇವರ ಮೇಲೆ ನಾನು ರೇಗಿದೆ." ಓದಿ ನೋಡಿದಾಗ ಗೊತ್ತಾಯಿತು. ಸಿಟ್ಟು ಬಂದವರ ಅಂಗೈ ಹೀಗೆ ತಣ್ಣಗಾಗುವುದಿಲ್ಲ. ಅದು ಹೆದರಿಕೆ.

ಯಾವ ಹೆದರಿಕೆ ಎಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2018ರ ಆಗಸ್ಟ್. ಹಟ್ಟಿಹೊಳೆ, ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದ ಆ ದಿನಗಳು. ನಮ್ಮ ಮನೆ ಉಳಿಯಿತು, ಎದುರಿನ ಗುಡ್ಡದ ಬರೆ ಉಳಿಯಲಿಲ್ಲ. ಲಾರಿಯಿಂದ ಕಲ್ಲು ಸುರಿದಂಥ ಸದ್ದು, ಆಮೇಲೆ ಹಸಿ ಮಣ್ಣಿನ ವಾಸನೆ. ಒಂದು ಚೀಲ ಹಿಡಿದು ರಾತ್ರಿ ನಡೆದುಕೊಂಡು ಬಂದೆವು. ಮಗ ನನ್ನ ಕೈ ಬಿಟ್ಟಿರಲಿಲ್ಲ. ಪರಿಹಾರ ಕೇಂದ್ರದಿಂದ ಮನೆಗೆ ಮರಳಿ ಸುಣ್ಣ ಬಳಿದೆವು, ಗಿಡ ನೆಟ್ಟೆವು. ಆ ರಾತ್ರಿಯ ಬಗ್ಗೆ ಮಾತ್ರ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ನಾವು ಗಟ್ಟಿ ಜನ ಅನ್ನುವ ಹೆಮ್ಮೆ ನಮಗಿದೆ. ಆ ಹೆಮ್ಮೆ ನಮ್ಮ ಬಾಯಿ ಕಟ್ಟಿದೆ ಎಂದೂ ನನಗೆ ಅನ್ನಿಸುತ್ತದೆ.

ಹೆಸರಿಟ್ಟ ಮಾತ್ರಕ್ಕೆ ಹೆದರಿಕೆ ಹೋಗಲಿಲ್ಲ. ಈಗಲೂ ಮಳೆ ಜೋರಾದರೆ ಅಂಗೈ ತಣ್ಣಗಾಗುತ್ತದೆ. ಆದರೆ ಈಗ ಅದು ಬಂದಾಗ ಗುರುತು ಸಿಗುತ್ತದೆ, ಎದುರಿಗಿದ್ದವರ ಮೇಲೆ ಕೂಗುವುದಿಲ್ಲ. ಕೆಲವರಿಗೆ ಇಷ್ಟು ಸಾಲುವುದಿಲ್ಲ. ಎರಡು ವಾರ ದಾಟಿದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರಂತೂ ಒಂದು ದಿನವೂ ಕಾಯಬೇಡಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಬರೆದುಕೊಳ್ಳಿ, 14416. ಹಗಲೂ ರಾತ್ರಿಯೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಇನ್ನೊಮ್ಮೆ ಹೇಳುತ್ತೇನೆ, ಒಂದು ನಾಲ್ಕು ನಾಲ್ಕು ಒಂದು ಆರು.

ಕಳೆದ ಜೂನ್‌ನಲ್ಲಿ ಮಳೆ ಹಿಡಿದ ದಿನ ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿ, ಈ ವಾರ ಊರಿಗೆ ಬರಲಾಗುವುದಿಲ್ಲ ಅಂದ. ಎಂದಿನ ಹಾಗೆ ಬೈಯಲು ಬಾಯಿ ತೆರೆದವಳು ಅಂಗೈ ನೋಡಿಕೊಂಡೆ.

"ಸಿಟ್ಟಲ್ಲ ಕಣೋ, ಹೆದರಿಕೆ. ಮಳೆ ಬಂದ್ರೆ ನೀನು ಹತ್ರ ಇರ್ಬೇಕು ಅನ್ಸುತ್ತೆ" ಅಂದೆ.

ಆ ಕಡೆ ತುಂಬ ಹೊತ್ತು ಮಾತಿಲ್ಲ. ಆಮೇಲೆ ಅವನು ಹೇಳಿದ, "ಅಮ್ಮಾ, ನಾನು ದಿನಾ ಬೆಳಿಗ್ಗೆ ಎದ್ದ ಕೂಡ್ಲೇ ಮೊದ್ಲು ಫೋನಲ್ಲಿ ನೋಡೋದು ಮಡಿಕೇರಿ ಮಳೆ."

ಅವತ್ತು ಆ ರಾತ್ರಿಯ ಬಗ್ಗೆ ನಾವಿಬ್ಬರೂ ಮೊದಲ ಸಲ ಮಾತಾಡಿದೆವು. ಕರೆಂಟು ಹೋಗಿತ್ತು. ಫೋನಿನ ಚಾರ್ಜು ಮುಗಿಯುವವರೆಗೂ ಮಾತಾಡಿದೆವು.

ನಮಸ್ಕಾರ.