ಬಳೆಯೊಳಗಿಂದ ಮದುಮಕ್ಕಳು

ಕೇಳುಗರಿಗೆ ನಮಸ್ಕಾರ. ಫೋಟೋಗ್ರಾಫರನ್ನ ರೇಡಿಯೋಗೆ ಕರೆದು ಮಾತಾಡಿ ಅಂದ್ರೆ ಅದು ಬಾಳೆ ಎಲೆ ಹಾಕಿ ಊಟ ಬಡಿಸದೆ ಬಿಟ್ಟ ಹಾಗೆ ಮಾರಾಯ್ರೆ. ತೋರಿಸ್ಲಿಕ್ಕೆ ಒಂದು ಫೋಟೋ ಇಲ್ಲ, ಬರೀ ಬಾಯಿ. ಆದ್ರೂ ಕರೆದಿದ್ದಾರೆ, ಬಂದಿದ್ದೇನೆ. ನನ್ನ ಪರಿಚಯ ಅಂದ್ರೆ, ಮುಂಬೈ ಹತ್ರದ ಡೊಂಬಿವಲಿಯಲ್ಲಿ ಮನೆ, 20 ವರ್ಷದಿಂದ ಮದುವೆ ಫೋಟೋ ತೆಗೀತಿದ್ದೇನೆ, ಮಾಟುಂಗ, ಕುರ್ಲಾ, ಗೋರೆಗಾಂವ್, ಮೀರಾ ರೋಡ್, ನಮ್ಮವರ ಮದುವೆ ಎಲ್ಲಿ ಉಂಟೋ ಅಲ್ಲಿ ನಾನು. ಒಂದು ವಿನಂತಿ, ಈ ಮಾತು ಕೇಳಿ ಯಾರೂ ಫೋನ್ ಮಾಡಿ ಆಲ್ಬಮ್ ಯಾವಾಗ ಕೊಡ್ತೀರಿ ಅಂತ ಕೇಳ್ಬೇಡಿ.

ಈಗಿನ ಜೋಡಿಗಳು ಬುಕ್ ಮಾಡ್ಲಿಕ್ಕೆ ಬರುವಾಗ್ಲೇ ಮೊಬೈಲ್ ಹಿಡ್ಕೊಂಡು ಬರ್ತಾರೆ. ಅಂಕಲ್ ಇಂಥದ್ದು ಬೇಕು, ಡಿಫರೆಂಟ್ ಬೇಕು. ಅದ್ರಲ್ಲಿ ನೋಡಿದ್ರೆ ಹುಡುಗಿಯ ಮುಖದೊಳಗೆ ಸಮುದ್ರ, ಹುಡುಗನ ಹೆಗಲ ಮೇಲೆ ಊರಿನ ತೆಂಗಿನ ತೋಟ. ಡಬಲ್ ಎಕ್ಸ್‌ಪೋಶರ್ ಅಂತಾರೆ. ನಂಗೆ ಒಳಗೊಳಗೇ ನಗು ಬರ್ತದೆ, ಯಾಕೆ ಅಂದ್ರೆ ನಿಮ್ಮಮ್ಮನ ಮದುವೆ ಆಲ್ಬಮ್ ತೆಗೆದು ನೋಡಿ, ವೀಳ್ಯದೆಲೆ ಒಳಗೆ ಮದುಮಗನ ತಲೆ ಇರ್ತದೆ, ಮದುಮಗಳು ಅಂಗೈ ಚಾಚಿದ್ರೆ ಅದ್ರ ಮೇಲೆ ಗಂಡ ಬೆರಳುದ್ದ ನಿಂತಿರ್ತಾನೆ. ಅದೂ ಇದೇ. ಲೆನ್ಸಿಗೆ ಅರ್ಧ ಕಪ್ಪು ಮುಚ್ಚಿ ಒಂದು ಸಲ, ಇನ್ನರ್ಧ ಮುಚ್ಚಿ ಇನ್ನೊಂದು ಸಲ, ಒಂದೇ ಫಿಲ್ಮಿನ ಮೇಲೆ. 36 ಫ್ರೇಮಿನ ರೋಲು, ಒಂದು ಹಾಳಾದ್ರೆ ಹೋಯ್ತು. ಮುಂಬೈಗೆ ಫೋಟೋ ಹುಚ್ಚು ಹಿಡಿದದ್ದೂ ಇವತ್ತು ನಿನ್ನೆ ಅಲ್ಲ, 1854ರಲ್ಲೇ ಇಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಅಂತ ಶುರು ಆಗಿತ್ತು, ಫೋಟೋ ಅನ್ನುವ ಸಂಗತಿ ಜಗತ್ತಿಗೆ ಗೊತ್ತಾಗಿ ಬರೀ 15 ವರ್ಷ ಆಗಿತ್ತು ಆಗ.

ಆದ್ರೂ ಹೊಸತು ಮಾಡ್ಬೇಕು ಅಂತ ನಂಗೂ ಆಸೆ ಉಂಟು. ವರ್ಷಕ್ಕೆ ನಲವತ್ತು ಮದುವೆ ತೆಗೀತೀರಿ ಅಂತ ಇಟ್ಕೊಳ್ಳಿ, ಅದೇ ಸ್ಟೇಜು, ಅದೇ ಎಲ್‌ಇಡಿ ಗೋಡೆ, ಅದೇ ಲೈನಲ್ಲಿ ಬಂದು ಕವರ್ ಕೊಟ್ಟು ಹೋಗುವ ಜನ. ಬೆರಳು ತನ್ನಷ್ಟಕ್ಕೆ ಒತ್ತುತ್ತದೆ, ತಲೆ ಊಟಕ್ಕೆ ಎಂತ ಉಂಟು ಅಂತ ಯೋಚಿಸ್ತಿರ್ತದೆ. ಒಂದು ದಿನ ನಂಗೇ ನನ್ನ ಮೇಲೆ ಬೇಜಾರು ಬಂತು.

ಮೊದಲು ಹಿಡಿದದ್ದು ಬಳೆ. ಹೊರದೇಶದ ಫೋಟೋಗ್ರಾಫರುಗಳು ಗಾಜಿನ ಪ್ರಿಸಮ್ ತಂದು ಲೆನ್ಸಿನ ಮುಂದೆ ಹಿಡೀತಾರೆ, ತಾಮ್ರದ ಪೈಪಿನ ತುಂಡು ಹಿಡೀತಾರೆ, ಪೈಪಿನ ಒಳಮೈಗೆ ಬೆಳಕು ಬಡಿದ್ರೆ ಜೋಡಿಯ ಸುತ್ತ ಬೆಂಕಿಯ ಉಂಗುರ ಬಂದ ಹಾಗೆ ಕಾಣ್ತದೆ. ನಾನೂ ಎಸಿ ರಿಪೇರಿಯವನ ಹತ್ರ ಒಂದು ಪೈಪ್ ತುಂಡು ಬೇಡಿ ತಂದೆ, ಚೆನ್ನಾಗೇ ಬಂತು. ಆದ್ರೆ ಮದುಮಗಳ ಕೋಣೆಯಲ್ಲಿ ಕೂತಿದ್ದಾಗ ಎದುರಲ್ಲೇ ಹಸಿರು ಗಾಜಿನ ಬಳೆಯ ಡಬ್ಬಿ ಇತ್ತು, ಒಂದು ಎತ್ತಿ ಲೆನ್ಸಿಗೆ ಒತ್ತಿ ಹಿಡಿದೆ, ಕಿಟಕಿ ಬೆಳಕು ಅದ್ರ ಅಂಚಿಗೆ ಸಿಕ್ಕಿದ್ದೇ ತಡ ಇಡೀ ಫ್ರೇಮಿನ ಸುತ್ತ ಹಸಿರು ಮಂಜು, ನಡುವೆ ಹುಡುಗಿಯ ಕಣ್ಣು ಮಾತ್ರ ಸ್ಪಷ್ಟ. ಅಪರ್ಚರ್, ಅಂದ್ರೆ ಲೆನ್ಸಿನೊಳಗೆ ಬೆಳಕು ಬರುವ ತೂತು, ಪೂರ್ತಿ ತೆರೆದಿರ್ಬೇಕು, ಇಲ್ಲದಿದ್ರೆ ಬಳೆ ಬಳೆಯಾಗೇ ಕಾಣ್ತದೆ, ಮಂಜು ಆಗುದಿಲ್ಲ. ಅವಳ ಅಜ್ಜಿ, ಎಂತ ಮಾರಾಯಾ, ಕ್ಯಾಮೆರಾಕ್ಕೂ ಬಳೆ ತೊಡಿಸ್ತೀಯಾ ಅಂದ್ರು. ಪೈಪ್ ಅವತ್ತೇ ಬ್ಯಾಗಿನ ತಳಕ್ಕೆ ಹೋಯ್ತು. ನಮ್ಮ ಮನೆ ಸಾಮಾನಿನಲ್ಲೇ ಬೆಳಕು ಇರುವಾಗ ಎಸಿ ಪೈಪ್ ಯಾಕೆ.

ಮೊಬೈಲಿಂದೂ ಒಂದು ಕೆಲಸ ಉಂಟು, ಸ್ಕ್ರೀನ್ ಆಫ್ ಮಾಡಿ ಲೆನ್ಸಿನ ಕೆಳಗೆ ಅಡ್ಡ ಹಿಡಿದ್ರೆ ಒಣ ನೆಲ ಕೆರೆಯ ಹಾಗೆ ಪ್ರತಿಬಿಂಬ ಕೊಡ್ತದೆ. ಸ್ಕ್ರೀನ್ ಒರೆಸಿರ್ಬೇಕು ಅಷ್ಟೆ. ಮದುವೆಮನೆಯಲ್ಲಿ ಹೋಳಿಗೆ ತಿಂದ ಕೈಯ ತುಪ್ಪ ಇಲ್ಲದ ಮೊಬೈಲ್ ಸಿಗುದೇ ಕಷ್ಟ.

ಮಳೆಗಾಲದಲ್ಲಿ ಪ್ರೀ-ವೆಡ್ಡಿಂಗ್ ಬೇಡ ಅಂತ ಎಲ್ಲರೂ ಹೇಳ್ತಾರೆ, ನಾನು ಜುಲೈಯಲ್ಲೇ ಬನ್ನಿ ಅಂತೇನೆ. ಜೋಡಿಯ ಬೆನ್ನ ಹಿಂದೆ ನೆಲದ ಮೇಲೆ ಒಂದು ಫ್ಲ್ಯಾಶ್ ಇಟ್ಟು ನಮ್ಮ ಕಡೆಗೇ ತಿರುಗಿಸಿ ಹೊಡೆದ್ರೆ ಪ್ರತಿ ಹನಿ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಬೆಳಗ್ತದೆ. ಫ್ಲ್ಯಾಶಿಗೆ ಹಾಲಿನ ಪ್ಯಾಕೆಟ್ ತೊಳೆದು ಸುತ್ತಿದ್ದೇನೆ, ಎರಡು ಸೀಸನ್ ಬಂತು. ಅಸಿಸ್ಟೆಂಟ್ ಹುಡುಗ ಮಾತ್ರ ಎರಡು ಸೀಸನ್ನೂ ಜ್ವರದಲ್ಲಿ ಮಲಗಿದ.

ಇನ್ನು ಕಾಳಿ-ಪೀಲಿ, ಅಂದ್ರೆ ಮುಂಬೈಯ ಕಪ್ಪು ಹಳದಿ ಟ್ಯಾಕ್ಸಿ. ಕಿಂಗ್ಸ್ ಸರ್ಕಲಿನ ಹತ್ರ ಸಂಜೆ ಹೊತ್ತು ಹುಡುಗಿ ಹಳೇ ಪದ್ಮಿನಿ ಕಾರಿನ ಟ್ಯಾಕ್ಸಿಯ ಕಿಟಕಿಯಿಂದ ನೋಡ್ತಾ ಹೋಗುದು, ನಾನು ಕ್ಯಾಮೆರಾದ ಶಟರ್, ಅಂದ್ರೆ ಬೆಳಕಿನ ಬಾಗಿಲು, ಸೆಕೆಂಡಿನ 15ರಲ್ಲಿ 1 ಭಾಗ ತೆರೆದಿಟ್ಟು ಟ್ಯಾಕ್ಸಿ ಜೊತೆಗೇ ಕ್ಯಾಮೆರಾ ತಿರುಗಿಸುದು, ಅಂಗಡಿ ಲೈಟೆಲ್ಲ ಗೆರೆ ಗೆರೆ ಆಗಿ ಅವಳ ಮುಖ ಮಾತ್ರ ನಿಲ್ತದೆ. ಇಲ್ಲಿ ಒಂದು ಸಣ್ಣ ಗುಟ್ಟು. ಕ್ಯಾಮೆರಾ ತಿರುಗಿಸದೆ ನಿಲ್ಲಿಸಿ ತೆಗೆಯುವಾಗ ಫ್ಲ್ಯಾಶ್ ಶಟರ್ ತೆರೆದ ಕೂಡ್ಲೆ ಹೊಡೆದ್ರೆ ಬೆಳಕಿನ ಬಾಲ ಟ್ಯಾಕ್ಸಿಯ ಮುಂದಕ್ಕೆ ಬರ್ತದೆ, ನೋಡುವವರಿಗೆ ಟ್ಯಾಕ್ಸಿ ರಿವರ್ಸ್ ಹೋದ ಹಾಗೆ. ಮುಚ್ಚುವ ಕೊನೇ ಗಳಿಗೆಯಲ್ಲಿ ಹೊಡೆಯುವ ಹಾಗೆ ಸೆಟ್ ಮಾಡಿದ್ರೆ ಬಾಲ ಹಿಂದಕ್ಕೆ. ಎಷ್ಟು ಜನ ಹುಡುಗರಿಗೆ ಇದನ್ನ ಹೇಳಿಕೊಟ್ಟಿದ್ದೇನೆ ಅಂತ ಲೆಕ್ಕ ಇಲ್ಲ. ಈಗ ಆ ಪದ್ಮಿನಿಯೇ ಇಲ್ಲ. 2023ರ ಅಕ್ಟೋಬರಿನಲ್ಲಿ ಕೊನೇ ಗಾಡಿಗೂ 20 ವರ್ಷ ತುಂಬಿ ರಸ್ತೆಯಿಂದ ಇಳೀತು, ಅದಕ್ಕೆ ಒಂದು ತಿಂಗಳು ಮೊದಲು ಹಳೇ ಡೀಸೆಲ್ ಡಬಲ್ ಡೆಕ್ಕರ್ ಬಸ್ಸೂ ಹೋಯ್ತು. ಹೊಸ ಎಲೆಕ್ಟ್ರಿಕ್ ಡಬಲ್ ಡೆಕ್ಕರ್ ಬಂದಿದೆ, ಎಸಿ ಗಾಜು ಮುಚ್ಚಿದ್ದು, ಯಾರೂ ತಲೆ ಹೊರಗೆ ಹಾಕುವ ಹಾಗಿಲ್ಲ, ಕ್ಷೇಮ ಸರಿ, ಫೋಟೋ ಸಪ್ಪೆ. ಲೋಕಲ್ ಟ್ರೇನ್ ಹತ್ರ ತೆಗೀವ ಅಂದ್ರೆ ರೈಲ್ವೆ ಪರ್ಮಿಶನ್ ಬೇಕು, ಫೀಸು ಕಟ್ಬೇಕು, ಸುಮ್ನೆ ಪ್ಲಾಟ್‌ಫಾರ್ಮಲ್ಲಿ ಟ್ರೈಪಾಡ್ ಬಿಡಿಸಿದ್ರೆ ಪೊಲೀಸು ಬಂದು ನಿಲ್ತಾರೆ.

ಈಗ ನನ್ನ ಇಷ್ಟದ ವಿಷಯಕ್ಕೆ ಬರ್ತೇನೆ. ಧಾರೆ. ಮದುಮಕ್ಕಳ ಕೈ ಸೇರಿಸಿ ಗಿಂಡಿಯಿಂದ ನೀರು ಬಿಡ್ತಾರಲ್ಲ, ಅದನ್ನ ಎಷ್ಟೋ ವರ್ಷ ನಾನು ಒಂದೇ ರೀತಿ ತೆಗೆದೆ, ಶಟರ್ ಸೆಕೆಂಡಿನ ಸಾವಿರದಲ್ಲಿ 1 ಭಾಗ, ಪ್ರತಿ ಹನಿ ಗಾಳಿಯಲ್ಲಿ ಮಣಿಯ ಹಾಗೆ ನಿಂತಿರ್ತಿತ್ತು, ಎಲ್ಲರೂ ವಾಹ್ ಅಂತಿದ್ರು. ಆಮೇಲೆ ಒಂದು ಸಲ ಕುರ್ಲಾದ ಒಂದು ಮದುವೆಯಲ್ಲಿ ಸಾವಿರದ ಬದಲು 15ಕ್ಕೆ ಇಟ್ಟೆ. ಹನಿ ಇಲ್ಲ. ಗಿಂಡಿಯ ಬಾಯಿಂದ ಹುಡುಗಿಯ ಬೆರಳ ತನಕ ಒಂದು ಬಿಳೀ ನೂಲು, ರೇಷ್ಮೆ ನೂಲಿನ ಹಾಗೆ, ಮುರಿಯದೆ. ನೀರು ಸುರಿಯುವ ಅಪ್ಪನ ಕೈ ಸ್ವಲ್ಪ ನಡುಗಿತ್ತು, ಆ ನಡುಕ ನೂಲಿನಲ್ಲಿ ಅಲೆ ಆಗಿ ಬಂದಿತ್ತು, ಸಾವಿರದಲ್ಲಿ ತೆಗೆದಿದ್ರೆ ಅದು ಯಾರಿಗೂ ಕಾಣ್ತಿರಲಿಲ್ಲ. ಅಲ್ಲ ಮಾರಾಯ್ರೆ, ಅದ್ರ ಹೆಸರೇ ಧಾರೆ, ನಾನು ಇಷ್ಟು ವರ್ಷ ಅದನ್ನ ಹನಿ ಹನಿ ಮಾಡಿ ಇಟ್ಟಿದ್ದೆ.

ಈಗ ಹೇಳ್ಬೇಕಾದ ಇನ್ನೊಂದು ಧಾರೆ ಉಂಟು, ಹೇಳ್ಲಿಕ್ಕೆ ನಾಚಿಕೆ, ಆದ್ರೆ ಹೇಳ್ತೇನೆ. ಅದಕ್ಕಿಂತ ಕೆಲವು ವರ್ಷ ಹಿಂದಿನ ಮಾತು. ಬೆಳಿಗ್ಗೆ ಡಬಲ್ ಎಕ್ಸ್‌ಪೋಶರ್ ಆಟ ಆಡಿದ್ದೆ, ಮದುಮಗಳ ಮುಖದ ಮೇಲೆ ಮಲ್ಲಿಗೆ. ಚಂದ ಬಂದಿತ್ತು, ಖುಷಿಯಲ್ಲಿ ಎಲ್ಲರಿಗೂ ತೋರಿಸ್ತಾ ತಿರುಗಿದೆ. ಮುಹೂರ್ತ ಬಂತು, ವಾಲಗ ಜೋರಾಯ್ತು, ಪುರೋಹಿತರು ಅಡ್ಡ, ಮಾವಂದಿರು ಅಡ್ಡ, ಕಾಲ ಸಂದಿಯಲ್ಲಿ ನುಗ್ಗಿ ಪಟಪಟ ಒತ್ತಿದೆ. ಆ ಮೋಡ್ ಆಫ್ ಮಾಡ್ಲಿಕ್ಕೆ ಮರ್ತಿದ್ದೆ. ಕ್ಯಾಮೆರಾ ಅದ್ರ ಕೆಲಸ ಅದು ಮಾಡಿದೆ, ಎರಡೆರಡು ಫ್ರೇಮ್ ಕೂಡಿಸಿ ಒಂದೊಂದು ಮಾಡ್ತಾ ಹೋಗಿದೆ, ಗಿಂಡಿಯ ನೀರು ಸೋದರಮಾವನ ಬೋಳು ತಲೆ ಮೇಲೆ, ತಾಯಿಯ ಅಳು ಮುಖದೊಳಗೆ ವೀಡಿಯೋದವನ ಲೈಟ್ ಸ್ಟ್ಯಾಂಡ್. ಕೆಲವು ಕ್ಯಾಮೆರಾ ಬಿಡಿ ಬಿಡಿ ಫ್ರೇಮನ್ನೂ ಬೇರೆ ಉಳಿಸಿಕೊಡ್ತವೆ, ನನ್ನ ಆ ಹಳೇದು ಉಳಿಸ್ತಿರಲಿಲ್ಲ. ಕೊನೆಗೆ ಹುಡುಗಿಯ ಚಿಕ್ಕಪ್ಪ ಯಾರೋ ಮೊಬೈಲಲ್ಲಿ ತೆಗೆದ ಒಂದು ಫೋಟೋ ಸಿಕ್ತು, ಸ್ವಲ್ಪ ಓರೆ, ಅದನ್ನೇ ದೊಡ್ಡದು ಮಾಡಿ ಆಲ್ಬಮಿನ ನಡುಪುಟಕ್ಕೆ ಹಾಕಿದೆ. ಹುಡುಗಿ ಎಂತದೂ ಹೇಳ್ಲಿಲ್ಲ. ಹೇಳಿದ್ರೆ ಒಳ್ಳೇದಿತ್ತು.

ಅವತ್ತಿಂದ ನನ್ನದೊಂದು ಲೆಕ್ಕ. ಆಟ ಆಡ್ಲಿಕ್ಕೆ ಮದುವೆಯಲ್ಲೇ ಖಾಲಿ ಹೊತ್ತು ಬೇಕಾದಷ್ಟು ಉಂಟು, ಮದುಮಗನ ಬಸ್ಸು ಥಾಣೆ ಟ್ರಾಫಿಕ್ಕಲ್ಲಿ ಸಿಕ್ಕಿರ್ತದೆ, ಪುರೋಹಿತರು ದರ್ಭೆ ಹುಡುಕ್ತಿರ್ತಾರೆ, ಅಡುಗೆಯವರು ಪಾಯಸಕ್ಕೆ ಕಾಯಿಹಾಲು ಹಾಕ್ಲಿಕ್ಕೆ ಕಾಯ್ತಿರ್ತಾರೆ, ಅಲ್ಲಿ ಬಳೆ ಹಿಡೀರಿ, ಮೊಬೈಲ್ ಹಿಡೀರಿ. ಈಗ ಧಾರೆಗೆ ನಾವು ಇಬ್ಬರು ಇರ್ತೇವೆ, ಒಬ್ಬನದ್ದು ಸೀದಾ ಸಾದಾ ಸಾವಿರ, ನನ್ನದು ಮಾತ್ರ 15. ನನ್ನದು ಹಾಳಾದ್ರೂ ಮನೆಯವರಿಗೆ ಫೋಟೋ ಉಂಟು.

ಕಳೆದ ಚಳಿಗಾಲದಲ್ಲಿ ಮಾಡಿದ್ದು ಒಂದನ್ನ ಹೇಳಿ ಮುಗಿಸ್ತೇನೆ, ಅದ್ರಲ್ಲಿ ಕ್ಯಾಮೆರಾನೇ ಇಲ್ಲ. ಸಯನೋಟೈಪ್ ಅಂತ, 1842ರಲ್ಲಿ ಜಾನ್ ಹರ್ಶೆಲ್ ಅನ್ನುವ ಇಂಗ್ಲಿಷ್ ವಿಜ್ಞಾನಿ ಕಂಡುಹಿಡಿದದ್ದು. ಎರಡು ಕಬ್ಬಿಣದ ಉಪ್ಪು, ಫೆರಿಕ್ ಅಮೋನಿಯಂ ಸಿಟ್ರೇಟ್ ಒಂದು, ಪೊಟ್ಯಾಶಿಯಂ ಫೆರಿಸಯನೈಡ್ ಇನ್ನೊಂದು, ಬೇರೆ ಬೇರೆ ನೀರಲ್ಲಿ ಕರಗಿಸಿ ಸಮ ಸಮ ಬೆರೆಸಿ ರಾತ್ರಿ ಕತ್ತಲಲ್ಲಿ ಡ್ರಾಯಿಂಗ್ ಪೇಪರಿಗೆ ಬ್ರಶ್‌ನಲ್ಲಿ ಹಚ್ಚಿ ಒಣಗಿಸುದು. ಹಳದಿ ಹಸಿರು ಬಣ್ಣ ಇರ್ತದೆ. ಅದ್ರ ಮೇಲೆ ಏನಾದ್ರೂ ಇಟ್ಟು ಬಿಸಿಲಿಗೆ ಹಿಡಿದು ಆಮೇಲೆ ಬರೀ ನೀರಲ್ಲಿ ತೊಳೆದ್ರೆ ಬಿಸಿಲು ತಾಗಿದ್ದು ಗಾಢ ನೀಲಿ, ನೆರಳಿದ್ದ ಜಾಗ ಬಿಳಿ.

ಡೊಂಬಿವಲಿಯ ಒಂದು ಮದುವೆ, ಮಾರನೇ ದಿನ ಬಿಲ್ಡಿಂಗ್ ಟೆರೇಸು. ಮದುಮಗಳು ಮುಡಿದ ಶಂಕರಪುರ ಮಲ್ಲಿಗೆ, ಮಾಟುಂಗದಿಂದ ತಂದದ್ದು, ಅದ್ರ ಲೆಕ್ಕ ನಿಮಗೆ ಗೊತ್ತಲ್ಲ, 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ, ರೇಟು ಕೇಳಿದ್ರೆ ಮದುಮಗಳ ಅಪ್ಪ ಇವತ್ತಿಗೂ ಎದೆ ಮುಟ್ಟಿಕೊಳ್ತಾರೆ. ಬಾಡಿದ ಆ ಹೂವಿನಿಂದ ಗೇಣುದ್ದ ಕಾಗದದ ಮೇಲೆ ಸುರುಳಿ ಇಟ್ಟು ಮೇಲೆ ದೇವರ ಫೋಟೋದ ಗಾಜು ಬಿಚ್ಚಿ ಒತ್ತಿ ಮದುಮಕ್ಕಳಿಬ್ಬರನ್ನೂ ಎರಡು ಕಡೆ ಹಿಡ್ಕೊಳ್ಳಿಕ್ಕೆ ಕೂರಿಸಿದೆ. 12 ನಿಮಿಷ. ಅಷ್ಟು ಹೊತ್ತು ಇಬ್ಬರೂ ಅಲ್ಲಾಡದೆ ಮೊಬೈಲ್ ಮುಟ್ಟದೆ ಎದುರುಬದುರು ಕೂತದ್ದು ಆ ಮೂರು ದಿನದಲ್ಲಿ ಅದೇ ಮೊದಲು ಅಂತ ಕಾಣ್ತದೆ. ಕಾಗದ ಹಳದಿಯಿಂದ ಬೂದಿ ಬಣ್ಣಕ್ಕೆ ತಿರುಗಿತು, ಬಕೆಟಿಗೆ ಹಾಕಿದ್ದೇ ನೀಲಿ ಎದ್ದು ಬಂತು, ಒಂದೊಂದು ಮೊಗ್ಗಿನ ತೊಟ್ಟೂ ಬಿಳಿಯಾಗಿ, ನಡುವೆ ಬಾಳೆ ನಾರಿನ ಗಂಟು ಕೂಡ.

ಮದುಮಗನ ಅಜ್ಜ ಕೋಲು ಊರಿಕೊಂಡು ಟೆರೇಸಿಗೆ ಬಂದಿದ್ರು, ಒಂದು ಕಾಲದಲ್ಲಿ ಮುಂಬೈ ಫೋರ್ಟಿನ ಯಾವುದೋ ಕಚೇರಿಯಲ್ಲಿ ಪ್ಲಾನ್ ಬಿಡಿಸುವ ಡ್ರಾಫ್ಟ್ಸ್‌ಮನ್ ಆಗಿದ್ದವರು. ಬಕೆಟಿಗೆ ಬಗ್ಗಿ ನೋಡಿ, ಏ ಇದು ಬ್ಲೂಪ್ರಿಂಟ್ ಅಲ್ವಾ ಅಂದ್ರು. ಹೌದಜ್ಜ, ಅದೇ ಮದ್ದು ಅಂದೆ. ಅಜ್ಜ, ನಾನು ಕೆಲಸಕ್ಕೆ ಸೇರುವಾಗ ಪ್ಲಾನಿನ ನಕಲಿಗೆ ಅಮೋನಿಯಾ ಪ್ರಿಂಟ್ ಬಂದಾಗಿತ್ತು, ಹಳೇ ಕಪಾಟಿನಲ್ಲಿ ಮಾತ್ರ ಈ ನೀಲಿ ಇತ್ತು, ಅಂತ ಹೇಳಿ ಒದ್ದೆ ಕಾಗದದ ಮೂಲೆ ಎರಡು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿದು, ಪ್ಲಾನ್ ಓದುವ ಹಾಗೆ ಕಣ್ಣು ಕಿರಿದು ಮಾಡಿ ಮಲ್ಲಿಗೆಯ ಸಾಲನ್ನ ಎಡದಿಂದ ಬಲಕ್ಕೆ ನೋಡ್ತಾ ಹೋದ್ರು. ಆಮೇಲೆ ಬಟ್ಟೆ ಒಣಗಿಸುವ ಹಗ್ಗಕ್ಕೆ ಅವರೇ ಕ್ಲಿಪ್ ಹಾಕಿದ್ರು. ಆ ಬಣ್ಣ ಒಣಗಿದ ಹಾಗೆ ಇನ್ನೂ ಗಾಢ ಆಗ್ತದೆ, ಮರುದಿನಕ್ಕೆ ಪೂರ್ತಿ ಬರ್ತದೆ ಅಂತ ನಾನು ಹೇಳುದ್ರೊಳಗೆ, ಗೊತ್ತುಂಟು, ಗೊತ್ತುಂಟು ಅಂದ್ರು.

ಆ ನೀಲಿ ಕಾಗದ ಫ್ರೇಮ್ ಹಾಕಿ ಅವರ ಮನೆಯ ಹಾಲ್‌ನಲ್ಲಿ ಉಂಟು. ಆಲ್ಬಮ್ ಮಾತ್ರ ಇನ್ನೂ ನನ್ನ ಹತ್ರಾನೇ ಉಂಟು. ಅಜ್ಜ, ನೀವು ಕೇಳ್ತಿದ್ರೆ, ಬರುವ ವಾರ ಖಂಡಿತ. ನಮಸ್ಕಾರ.